ಕಂತಿನ ಮೇಲೆ ತೀರಿದ ಹರಕೆ

ದುಬೈಯಲ್ಲಿ ರಸ್ತೆ ಬದಿ ನಡೆದುಕೊಂಡು ಹೋಗುವವರನ್ನು ಕಂಡರೆ ಜನರಿಗೆ ಎರಡೇ ಅನುಮಾನ. ಒಂದೋ ಕಾರು ಕೆಟ್ಟಿದೆ, ಇಲ್ಲವೇ ಡಾಕ್ಟರು ನಡೆಯಲು ಹೇಳಿದ್ದಾರೆ. ಹರಕೆ ಹೊತ್ತವರೂ ನಡೆಯುತ್ತಾರೆ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹರಕೆ ನನ್ನ ಅತ್ತೆಯದು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನನ್ನ ಗಂಡ ಅಲ್ಲಿ ಕೆಲಸದಲ್ಲಿದ್ದ. ಆಗಿನ್ನೂ ನಮ್ಮ ಮದುವೆ ಆಗಿರಲಿಲ್ಲ. ವಾರಗಟ್ಟಲೆ ಅವನ ಸುದ್ದಿಯೇ ಇಲ್ಲ. ಮಂಗಳೂರಿನ ಹತ್ತಿರದ ಮನೆಯಲ್ಲಿ ಕೂತು ಅತ್ತೆ ಮಾತೆ ಮರಿಯಮ್ಮನಿಗೆ ಹೇಳಿಕೊಂಡರಂತೆ: ಮಗ ಜೀವಂತ ಬಂದರೆ ಅವನನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಇಗರ್ಜಿಯಿಂದ ಇನ್ನೊಂದು ಇಗರ್ಜಿಗೆ ನಡೆಯುತ್ತೇನೆ ಎಂದು. ಮಗ ಬಂದ. ಅಲ್ಲಿಂದ ಹೇಗೆ ಹೊರಬಿದ್ದ ಎನ್ನುವುದನ್ನು ಮಾತ್ರ ತಾಯಿಗೂ ಹೇಳಲಿಲ್ಲ, ಆಮೇಲೆ ನನಗೂ ಹೇಳಲಿಲ್ಲ. ಹರಕೆಗೂ ಕೈಗೆ ಸಿಗಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಯಾರದೋ ಮದುವೆ, ಬ್ಯಾಂಕಿನ ಕೆಲಸ, ಇಲ್ಲವೇ ಮಳೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನುಣುಚಿಕೊಂಡ. ಕೊನೆಗೆ ಅತ್ತೆಯೇ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿಳಿದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದ್ದು ಒಂದೇ ಪ್ರಶ್ನೆ. "ಇಲ್ಲಿ ನಮ್ಮ ಇಗರ್ಜಿ ಎಷ್ಟುಂಟು?"

ಎರಡಿದ್ದವು. ಹಳೆಯದು ಊದ್ ಮೇಥಾದಲ್ಲಿ, ಆಗಷ್ಟೇ ಕಟ್ಟಿದ್ದು ಜೆಬೆಲ್ ಅಲಿಯಲ್ಲಿ. ನಡುವೆ ಕಾರಿನಲ್ಲೂ ಒಂದು ನಿದ್ದೆ ತೆಗೆಯಬಹುದಾದಷ್ಟು ದೂರ. ಗಂಡ ಇದನ್ನೇ ಹಿಡಿದುಕೊಂಡು, "ನಿನ್ನ ಮಂಡಿಗೆ ಆಗುವುದಿಲ್ಲ" ಎಂದುಬಿಟ್ಟ. ನನಗೆ ಮೈ ಉರಿಯಿತು. ಇಲ್ಲಿ ವಾರದ ರಜೆ ಶುಕ್ರವಾರ, ಪ್ರತಿ ಶುಕ್ರವಾರ ಬೆಳಿಗ್ಗೆ ಆದಷ್ಟು ನಡೆಯೋಣ, ಸುಸ್ತಾದ ಕಡೆ ನಿಲ್ಲಿಸೋಣ, ಮುಂದಿನ ಶುಕ್ರವಾರ ಅದೇ ಜಾಗದಿಂದ ಶುರು ಮಾಡೋಣ ಎಂದೆ. ಫ್ರಿಜ್ ಕೊಂಡ ಹಾಗೆ, ಕಂತಿನ ಮೇಲೆ. ಅತ್ತೆ ಸ್ವಲ್ಪ ಯೋಚಿಸಿದರು.

"ಆಗ್ಬಹುದು. ಆದ್ರೆ ಒಂದು ಹೆಜ್ಜೆ ಸಹ ಬಿಡ್ಲಿಕ್ಕಿಲ್ಲ. ಮತ್ತೆ ಇವ ನನ್ನ ಪಕ್ಕದಲ್ಲೇ ಇರ್ಬೇಕು. ಇವ ಇಲ್ಲದೆ ನಡೆದದ್ದು ಲೆಕ್ಕಕ್ಕಿಲ್ಲ."

ಅತ್ತೆಯ ಮನೆಮಾತು ಕೊಂಕಣಿ. ನಾನು ಮೈಸೂರು ಕಡೆಯವಳಾದ್ದರಿಂದ ನನಗೋಸ್ಕರ ಕನ್ನಡ. ಪಕ್ಕದ ಫ್ಲಾಟಿನಲ್ಲಿದ್ದ ಧಾರವಾಡದ ಅಕ್ಕನಿಗೆ ವಿಷಯ ಗೊತ್ತಾದದ್ದೇ ತಡ, ತಾವೂ ಹೊರಟು ನಿಂತರು. "ದೇವ್ರು ನಿಮ್ಮವ್ರಾದ್ರ ಏನಾತ್ರೀ, ಕಾಲು ನಮ್ಮವೂ ಅದಾವಲ್ಲ" ಎಂದರು. ಮುಂದಿನ ವಾರ ಅವರ ಯಜಮಾನರು ಬಂದರು, ಅದರ ಮುಂದಿನ ವಾರ ಕಟ್ಟಡದ ಇನ್ನೂ ಕೆಲವರು. ಬೀದಿಯಲ್ಲಿ ಮೆರವಣಿಗೆ ಕೂಡದೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಹಾಡಿಲ್ಲ, ಶಿಲುಬೆಯಿಲ್ಲ, ಇಬ್ಬಿಬ್ಬರಾಗಿ ಬಿಡಿಬಿಡಿಯಾಗಿ ನಡೆಯುತ್ತಿದ್ದೆವು. ಅತ್ತೆ ಸೀರೆಯ ಕೆಳಗೆ ಮಗನ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಎಲ್ಲರಿಗಿಂತ ಮುಂದೆ. ಸಂತೆಗೆ ಎಳೆದುಕೊಂಡು ಹೊರಟ ಕರುವಿನ ಹಾಗೆ ಪಕ್ಕದಲ್ಲಿ ಮಗ, ಬಾಯಿಗೆ ಬೀಗ.

ಜುಮೇರಾದ ಸಮುದ್ರದ ಬದಿಯ ರಸ್ತೆ ಹಿಡಿದ ಮೇಲೆ ಜನರ ಒಳ್ಳೆಯತನದಿಂದ ಪಾರಾಗುವುದೇ ಕಷ್ಟವಾಯಿತು. ಮುದುಕಿ ನಡೆಯುತ್ತಿರುವುದನ್ನು ಕಂಡು ಟ್ಯಾಕ್ಸಿ ನಿಲ್ಲುತ್ತಿತ್ತು, ಪಠಾಣರ ಪಿಕಪ್ ನಿಲ್ಲುತ್ತಿತ್ತು. ಬೇಡವೆಂದರೆ ದುಡ್ಡು ಬೇಡ ಎನ್ನುತ್ತಿದ್ದರು. ಅತ್ತೆ ‘ಇಲ್ಲ’ ಎನ್ನುವುದಕ್ಕೆ ಒಂದು ಅರಬಿ ಪದ ಕಲಿತು ಕೈಯಾಡಿಸುತ್ತಿದ್ದರು. "ಗಾಡಿ ಮಾಫಿ, ಗಾಡಿ ಮಾಫಿ." ಗಾಡಿ ಬೇಡವೆಂದೋ ಗಾಡಿಯೇ ಇಲ್ಲವೆಂದೋ, ಅಂತೂ ಕೆಲಸ ನಡೆಯುತ್ತಿತ್ತು. ಬಿಳಿಯ ನಿಲುವಂಗಿ, ಕಂದೂರ, ತೊಟ್ಟ ಅರಬರೊಬ್ಬರು ಮಾತ್ರ ಸೋಲೊಪ್ಪದೆ ನೀರಿನ ಬಾಟಲಿಗಳ ಒಂದು ಪೆಟ್ಟಿಗೆಯನ್ನೇ ನಮ್ಮ ಮುಂದೆ ಇಳಿಸಿ ಹೋದರು. ಅದನ್ನು ಹೊರುವ ಕೆಲಸ ನನ್ನ ಗಂಡನಿಗೆ ಬಿತ್ತು, ನನಗೆ ಪರಮಾನಂದವಾಯಿತು.

ಕೊನೆಯ ಶುಕ್ರವಾರ ಬಂತು. ಭಾನುವಾರ ಅತ್ತೆಯ ವಿಮಾನ. ದೊಡ್ಡ ಹೆದ್ದಾರಿಯ ಸೇತುವೆ ದಾಟಿ ಜೆಬೆಲ್ ಅಲಿ ಕಡೆ ಇಳಿದಿದ್ದೆವು, ಇನ್ನು ಅರ್ಧ ಗಂಟೆಯ ದಾರಿ. ಗಂಡನ ಮೊಬೈಲು ಹೊಡೆದುಕೊಂಡಿತು. ಅವನ ಕಾರ್ಖಾನೆಯಲ್ಲಿ ಯಂತ್ರವೊಂದು ಕೆಟ್ಟು ನಿಂತಿತ್ತು, ರಿಪೇರಿಗೆ ಅವನೇ ಬೇಕಿತ್ತು. ಕಂಪನಿಯ ಗಾಡಿ ಬಂದೇಬಿಟ್ಟಿತು.

"ನೀವೆಲ್ಲ ಹೋಗಿ ಮುಗಿಸಿ" ಎಂದ. ಅವನ ಮುಖದಲ್ಲಿ ತಪ್ಪಿಸಿಕೊಂಡ ಸಮಾಧಾನ ಕಂಡು ನನಗೆ ತಡೆಯದ ಸಿಟ್ಟು ಬಂತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು.

"ನೀನು ಹೋಗಿ ಬಾ. ನಾನು ಇಲ್ಲೇ ಕೂತಿರ್ತೇನೆ."

"ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ ಅಮ್ಮ."

"ಆಗ್ಲಿ."

ರಸ್ತೆಯ ಪಕ್ಕ ಒಂದು ಗಾಫ್ ಮರವಿತ್ತು. ಅದರ ನೆರಳಲ್ಲಿ ಶಾಲು ಹಾಸಿ ಕೂತೇಬಿಟ್ಟರು. ಅವರನ್ನು ಬಿಟ್ಟು ಹೋಗುವುದು ಹೇಗೆ, ನಾವೂ ಕೂತೆವು. ಧಾರವಾಡದ ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ನನ್ನ ಬುಟ್ಟಿಯಿಂದ ಇಡ್ಲಿ ಹೊರಬಂತು. ಹೊಟ್ಟೆ ತುಂಬಿದ ಮೇಲೆ ಹಾಡು ಶುರುವಾಯಿತು, ದೇವರದಲ್ಲ, ಬೀಸುವಾಗಿನದು. ಅಕ್ಕನ ಯಜಮಾನರು ಗೊರಕೆ ಹೊಡೆದರು. ನಾನೊಬ್ಬಳೇ ಗಡಿಯಾರ ನೋಡಿಕೊಂಡು ಸಿಡಿಮಿಡಿಗುಟ್ಟುತ್ತಿದ್ದೆ. ನೆರಳು ಮರದ ಇನ್ನೊಂದು ಪಕ್ಕಕ್ಕೆ ತಿರುಗಿತು, ನಾವೂ ಶಾಲು ಎಳೆದುಕೊಂಡು ತಿರುಗಿದೆವು.

"ಬೇಜಾರಾಗಲ್ವಾ ಅತ್ತೆ, ಹೀಗೆ ಕಾಯೋಕೆ?" ಎಂದು ಕೇಳಿದೆ.

"ಇದು ಕಾಯುವುದಾ ಮಾರಾಯ್ತಿ?" ಎಂದು ನಕ್ಕರು. "ಆಗ ಅವ ಎಲ್ಲಿದ್ದಾನೆ ಅಂತಲೇ ಗೊತ್ತಿರ್ಲಿಲ್ಲ. ಈಗ ಫ್ಯಾಕ್ಟರಿಯಲ್ಲಿದ್ದಾನೆ ಅಂತ ಗೊತ್ತುಂಟಲ್ಲ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಬಿಸಿಲು ಬಾಡುವ ಹೊತ್ತಿಗೆ ಗಂಡ ಬಂದ. ಕೈಯೆಲ್ಲ ಗ್ರೀಸು, ಕಾಲಿಗೆ ಕಾರ್ಖಾನೆಯ ಭಾರದ ಬೂಟು. ಕಾದು ಸಾಕಾಗಿ ನಾವೆಲ್ಲ ಇಷ್ಟರಲ್ಲಿ ಮುಗಿಸಿ ಮನೆಗೆ ಹೋಗಿರುತ್ತೇವೆಂದು ಎಣಿಸಿ, ಮನೆಯ ದಾರಿಯಲ್ಲಿ ಸುಮ್ಮನೆ ಒಮ್ಮೆ ಇಣುಕಿದ್ದನೆಂದು ಕಾಣುತ್ತದೆ. ತಾನು ಬಿಟ್ಟುಹೋದ ಜಾಗದಲ್ಲೇ ತಾಯಿ ಕೂತಿದ್ದುದನ್ನು ಕಂಡು ಗಾಡಿಯ ಬಾಗಿಲು ಹಾಕುವುದನ್ನೇ ಮರೆತ. ಅತ್ತೆ ಎದ್ದು ಸೀರೆಯ ಮರಳು ಕೊಡವಿಕೊಂಡರು, ಅವನ ಕೈಗೆ ಒಂದು ರೊಟ್ಟಿ ಕೊಟ್ಟು ನಡೆಯತೊಡಗಿದರು.

ಸ್ವಲ್ಪ ದೂರ ಹೋದ ಮೇಲೆ, ಯಾರೂ ಕೇಳದೆ, ಅವನು ಮಾತು ತೆಗೆದ. ಕೊಂಕಣಿಯಲ್ಲಿ. ಹಿಂದೆ ನಡೆಯುತ್ತಿದ್ದ ನನಗೆ ಅರ್ಧಂಬರ್ಧ ಕೇಳಿತು, ಅದರಲ್ಲೂ ಅರ್ಧ ತಿಳಿಯಿತು. ಕುವೈತಿನಿಂದ ಹೊರಟ ಬಸ್ಸು. ಗಡಿಯ ಟೆಂಟುಗಳು. ನೀರಿನ ಸಾಲು. ತನ್ನ ಚಪ್ಪಲಿ ಕಳೆದುಹೋಗಿ, ಯಾರೋ ಕೊಟ್ಟ ಹೆಂಗಸರ ಚಪ್ಪಲಿ ಹಾಕಿಕೊಂಡು ದಿನಗಟ್ಟಲೆ ಓಡಾಡಿದ್ದು. ಅದನ್ನು ಹೇಳುವಾಗ ಅವನೇ ನಕ್ಕ, ಅತ್ತೆಯೂ ನಕ್ಕರು. ಅವರ ಹಿಂದೆ ಬರುತ್ತಿದ್ದ ನನಗೆ ಅಳು ಬಂತು, ಸಂತೋಷಕ್ಕೆ.

"ಅಮ್ಮಾರ, ಗೇಟ್ ಬಂತ್ರೀ" ಎಂದು ಧಾರವಾಡದ ಅಕ್ಕ ಕೂಗಿದರು.

ಅತ್ತೆ ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಕೈ ಚಾಚಿ, ಸುಮ್ಮನಿರಿ ಎಂದು ಸನ್ನೆ ಮಾಡಿದರು. ಮಗ ಇನ್ನೂ ಹೇಳುತ್ತಲೇ ಇದ್ದ. ಇಬ್ಬರೂ ಇಗರ್ಜಿಯ ಗೇಟಿನೊಳಗೆ ತಿರುಗದೆ, ಹೊರಗೋಡೆಯ ಪಕ್ಕದಲ್ಲೇ ಮುಂದೆ ಮುಂದೆ ನಡೆದುಹೋದರು.