ನಮ್ಮ ಬಚ್ಚಲಿನ ನಾತಕ್ಕೆ ಕಾರ್ಖಾನೆಯ ಹೆಸರು

ಗೆಳತಿಯರೇ, ಇವತ್ತಿನಿಂದ ನಮ್ಮ ಬಚ್ಚಲಿನಲ್ಲಿ ಧೈರ್ಯವಾಗಿ ಉಸಿರಾಡಬಹುದು.

ಇಷ್ಟು ದಿನ ಮಾವನವರದು ಒಂದೇ ಮಾತು. "ಅದು ಸಕ್ಕರೆ ಕಾರ್ಖಾನೆ ವಾಸ್ನೆ ಕಣಮ್ಮ. ಗಾಳಿ ತಿರುಗುದ್ರೆ ಓಯ್ತದೆ." ಮಂಡ್ಯದಲ್ಲಿದ್ದೂ ನಮಗೆ ಸಕ್ಕರೆ ರೇಷನ್ನಿನಲ್ಲಿ, ವಾಸನೆ ಮಾತ್ರ ಧಾರಾಳ ಎಂದುಕೊಂಡಿದ್ದೆ.

ಬೆಳಿಗ್ಗೆ ನಾದಿನಿ ಕೂಸನ್ನೆತ್ತಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತಳು. ಗಂಡನ ಊರು ಹೊಳಲಿನಿಂದ ಬಾಣಂತನಕ್ಕೆ ಬಂದವಳು. "ಅಪ್ಪ, ಕಾರ್ಖಾನೆ ಕಬ್ಬರೆಯೋದು ನಿಲ್ಸಿ ವಾರಾಯ್ತು. ಈ ನಾತದಲ್ಲಿ ಮಗೀಗೆ ನೀರಾಕಲ್ಲ. ಗಂಡನ್ ಮನೆಗೆ ಓಯ್ತೀನಿ ಬುಡು."

ಮಾವ ಬಿದಿರಿನ ಗಳ ತಂದು ಬಚ್ಚಲ ತೂತಿಗೆ ತುರುಕಿದರು. ಹೆಗ್ಗಣ ನುಗ್ಗದಿರಲೆಂದು ಮಳೆಗಾಲದಲ್ಲಿ ಅವರೇ ಗಿಡಿದು ಮುಚ್ಚಿದ್ದ ಗೋಣಿ, ಕೊಳೆತು ಕಪ್ಪಾಗಿ ಹೊರಬಂತು. ನಿಂತ ಕೊಚ್ಚೆಯೆಲ್ಲ ಹಿತ್ತಲ ಬಾಳೆಯ ಬುಡಕ್ಕೆ ಹರಿಯಿತು. ನಾನು ಒಲೆಯ ಬೂದಿ ಹಾಕಿ ತಿಕ್ಕಿ, ಹಂಡೆಯ ಬಿಸಿನೀರು ಸುರಿದೆ. ನಾತ ಹೋಯಿತು. ಕೂಸು ನೀರೆರೆಸಿಕೊಂಡು ಹಾಯಾಗಿ ಮಲಗಿತು.

ಮಾವ ಕೈ ತೊಳೆದು ಜಗಲಿಗೆ ಹೋಗಿ ಪಕ್ಕದ ಮನೆಯ ಗೆಳೆಯರನ್ನು ಕರೆದರು. "ನಾ ಯೋಳ್ನಿಲ್ವಾ? ಕಾರ್ಖಾನೆ ನಿಂತ್ ಮ್ಯಾಲೆ ವಾಸ್ನೇನೂ ಓಯ್ತು ಕಣ್ಲಾ."

ಕಾರ್ಖಾನೆ ಮತ್ತೆ ಶುರುವಾಗುವುದರೊಳಗೆ ಮನೆಯ ಗೋಣಿಗಳನ್ನೆಲ್ಲ ಬಚ್ಚಿಡಬೇಕು.