ಪೇಪರಿಗೆ ಹಾಕುವ ಫೋಟೋ

ಇವತ್ತು ಬೆಳಿಗ್ಗೆ ಚಹಾ ಕುದಿಯುತ್ತಿರುವಾಗ ಮೊಬೈಲಿನಲ್ಲಿ ಹೆರಾಲ್ಡರ ನಿಧನದ ಸುದ್ದಿ ಕಂಡಿತು. ಪ್ರಶಸ್ತಿ ವಿಜೇತ ಬ್ರಿಟಿಷ್ ಸಿನಿಮಾ ಛಾಯಾಗ್ರಾಹಕ ಎಂದು ದೊಡ್ಡ ಅಕ್ಷರ. ಕೆಳಗೆ ಡ್ರೈವಿಂಗ್ ಲೈಸೆನ್ಸಿನಿಂದ ಕಿತ್ತಂಥ ಫೋಟೋ. ಊರಿನವರ ಮುಖಕ್ಕೆಲ್ಲ ಬೆಳಕು ಕೊಟ್ಟು ಹೊಟ್ಟೆ ಹೊರೆದವರ ಅರ್ಧ ಮುಖ ಕತ್ತಲಲ್ಲಿತ್ತು. ನನಗೆ ದುಃಖಕ್ಕಿಂತ ಮೊದಲು ನಗು ಬಂತು. ಬೈಯಬೇಡಿ, ನೀವಾಗಿದ್ದರೂ ನಗುತ್ತಿದ್ದಿರಿ.

ಇಲ್ಲಿ ಗಲ್ಫಿನ ಅಲ್ ಹಿಲಾಲ್ ಬಡಾವಣೆಯಲ್ಲಿ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ಯಾವುದೋ ಜಾಹೀರಾತಿನ ಶೂಟಿಂಗಿಗೆಂದು ಬಂದವರು, ಮರಳಿನ ಮೇಲೆ ಬೆಳಕು ಸರಿಯಾಗಿ ಬೀಳುತ್ತಿಲ್ಲವೆಂದು ಎರಡು ಚಳಿಗಾಲ ಇಲ್ಲೇ ಉಳಿದರು. ಕಂಪನಿಯವರು 'ಯಲ್ಲಾ, ಯಲ್ಲಾ' ಎಂದು ಅವಸರಪಡಿಸಿದಷ್ಟೂ ಇವರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಾಂಸದಂಗಡಿಯವನ ಮಗ. ಮೀಸೆ ಮೂಡುವ ಮೊದಲೇ ಲಂಡನ್ನಿನ ಸ್ಟುಡಿಯೋ ಸೇರಿ ಚಹಾ ಹಂಚಿ, ಕ್ಯಾಮೆರಾ ಪೆಟ್ಟಿಗೆ ಹೊತ್ತು, ನಟರ ಮೂಗಿನಿಂದ ಲೆನ್ಸಿನವರೆಗೆ ಟೇಪು ಹಿಡಿದು ಅಳೆಯುವುದರಲ್ಲೇ ಅರ್ಧ ಆಯುಸ್ಸು ಕಳೆದವರು. ಕೊನೆಗೆ ಪೂರ್ತಿ ಕೆಸರಿನಲ್ಲೇ ನಡೆಯುವ ಒಂದು ಯುದ್ಧದ ಸಿನಿಮಾಕ್ಕೆ ದೊಡ್ಡ ಪ್ರಶಸ್ತಿ ಬಂತು.

"ಎಲ್ಲಿದೆ? ನೋಡಬಹುದಾ?" ಎಂದು ಆಸೆಯಿಂದ ಕೇಳಿದ್ದೆ.

"ಡೈವೋರ್ಸಿನಲ್ಲಿ ಹೆಂಡತಿಗೆ ಹೋಯಿತು. ನನಗೆ ನಾಯಿ ಸಿಕ್ಕಿತು. ಲಾಭ ನನಗೇ," ಎಂದರು.

ಆಗಲೇ ಅಮ್ಮ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದದ್ದು. ಅವಳಿಗೆ ಒಂದೇ ಚಿಂತೆ: ತಾನು ತೀರಿಕೊಂಡಾಗ ಪೇಪರಿಗೆ ಹಾಕಲು ಒಳ್ಳೆಯ ಫೋಟೋ ಇಲ್ಲ. ಅಪ್ಪ ಹೋದಾಗ ಗಡಿಬಿಡಿಯಲ್ಲಿ ನಾವು ಗುರುತಿನ ಚೀಟಿಯ ಫೋಟೋ ಕೊಟ್ಟು, ಅವರು ಪೊಲೀಸರು ಹುಡುಕುತ್ತಿರುವ ಆಸಾಮಿಯಂತೆ ಅಚ್ಚಾಗಿದ್ದರು. ಇಗರ್ಜಿಯಲ್ಲಿ ಸಾವಿಗಿಂತ ಫೋಟೋದ ಮಾತೇ ಹೆಚ್ಚಾಗಿತ್ತು.

"ಮೇಲಿನ ಇಂಗ್ಲಿಷಿನವನು ಕ್ಯಾಮೆರಾದವನಲ್ವಾ? ಕೇಳು ಮಾರಾಯ," ಎಂದಳು.

"ಅಮ್ಮಾ, ಅವರು ಸಿನಿಮಾದವರು. ದೊಡ್ಡ ಪ್ರಶಸ್ತಿ ಬಂದವರು."

"ಹಾಗಾದ್ರೆ ಒಂದು ಫೋಟೋ ತೆಗೀಲಿಕ್ಕೆ ಬರ್ಬೇಕಲ್ಲ?"

ಕರೆದೆ, ಬಂದೇ ಬಿಟ್ಟರು. ಟ್ಯೂಬ್‌ಲೈಟ್ ಆರಿಸಿ, ಅಮ್ಮನನ್ನು ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿದರು. ಹೊರಗೆ ಧೂಳು ಎದ್ದಿತ್ತು, ಬಿಸಿಲು ಮೆತ್ತಗಾಗಿತ್ತು. ಅಮ್ಮ ರೇಷ್ಮೆ ಸೀರೆಯಲ್ಲಿ ಉಸಿರು ಬಿಗಿಹಿಡಿದು ಕೂತಳು. ಈಗಲೇ ತೀರಿಕೊಂಡವಳಂತೆ ಕಂಡಳು. ಹೆರಾಲ್ಡ್ ಕಾದರು. ಕಾಯುತ್ತಾ ನೀರುದೋಸೆ, ಕೋಳಿ ಸುಕ್ಕ ಹಾಕಿಸಿಕೊಂಡರು. ಮತ್ತೆ ಕಾದರು, ಮತ್ತೆ ಹಾಕಿಸಿಕೊಂಡರು. ಕೊನೆಗೆ ನನ್ನ ಕಿವಿಯಲ್ಲಿ, "ಅವರಿಗೆ ಸಿಟ್ಟು ಬರಿಸು," ಎಂದರು.

"ಅಮ್ಮಾ, ನಿನ್ನ ಮೀನುಸಾರಿಗಿಂತ ಓಲ್ಡ್ ಏರ್‌ಪೋರ್ಟ್ ರಸ್ತೆಯ ಮಲಯಾಳಿ ಹೋಟೆಲಿನದ್ದು ಚೆನ್ನಾಗಿರ್ತದೆ," ಎಂದೆ.

ಅಮ್ಮ ಗಿರ್ರನೆ ತಿರುಗಿದಳು. ಕ್ಲಿಕ್. "ಖಲಾಸ್," ಎಂದರು ಹೆರಾಲ್ಡ್.

ಫೋಟೋದಲ್ಲಿ ಅಮ್ಮ ನನ್ನನ್ನು ಹಸಿಯಾಗಿ ನುಂಗಲು ಹೊರಟಿದ್ದಳು. ಅಷ್ಟು ಜೀವ ತುಂಬಿದ ಮುಖ ನಾನು ಬೇರೆಲ್ಲೂ ಕಂಡಿಲ್ಲ. "ಇದನ್ನು ಪೇಪರಿಗೆ ಹಾಕಿದ್ರೆ ನಾನು ಸತ್ತದ್ದು ಯಾರು ನಂಬ್ತಾರೆ?" ಎಂದು ಗೊಣಗಿದಳು. ಆದರೂ ಕಟ್ಟು ಹಾಕಿಸಿ ಊರಿಗೆ ಒಯ್ದಳು.

ಇವತ್ತು ಚಹಾ ಕುಡಿದು ಅಮ್ಮನಿಗೆ ಫೋನಿನಲ್ಲಿ ಸುದ್ದಿ ಹೇಳಿ, ಪತ್ರಿಕೆಯ ಫೋಟೋ ಕಳಿಸಿದೆ. "ಛೆ, ಅವನಿಗೇ ಹೀಗಾಯ್ತಾ," ಎಂದಳು. ಮರುಕ್ಷಣ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಆ ದಿನ ನಮಗ್ಯಾರಿಗೂ ತಿಳಿಯದಂತೆ ಅವಳು ತನ್ನ ಮೊಬೈಲಿನಲ್ಲಿ ತೆಗೆದದ್ದಂತೆ. ಹೆರಾಲ್ಡರ ಹಣೆ ಅರ್ಧ ಕಟ್, ಮೂಲೆಯಲ್ಲಿ ಅಮ್ಮನ ಹೆಬ್ಬೆರಳು. ಬಾಯಿ ತುಂಬ ದೋಸೆ ತುಂಬಿಕೊಂಡು, ಕಿಟಕಿಯ ಬೆಳಕಿನಲ್ಲಿ ಮನುಷ್ಯ ಕಣ್ಣು ಮುಚ್ಚಿ ನಗುತ್ತಿದ್ದಾರೆ. ಬೆಳಿಗ್ಗೆ ನಕ್ಕಿದ್ದ ನನಗೆ ಈಗ ಅಳು ತಡೆಯಲಾಗಲಿಲ್ಲ.

ಒಮ್ಮೆ ಕ್ರಿಸ್‌ಮಸ್ಸಿಗೆ ಬಂದಿದ್ದ ಅವರ ಮಗಳ ನಂಬರು ನನ್ನಲ್ಲಿತ್ತು, ಅವಳಿಗೆ ಕಳಿಸಿದೆ. "ಅಪ್ಪ ನಗುವ ಫೋಟೋ ನಮ್ಮಲ್ಲಿ ಒಂದೂ ಇರಲಿಲ್ಲ, ಶವಪೆಟ್ಟಿಗೆಯ ಬಳಿ ಇದನ್ನೇ ಇಡುತ್ತೇವೆ" ಎಂದು ಉತ್ತರ ಬಂತು. ಅದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ.

ಅಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, "ತೆಗೆದದ್ದು ಯಾರೂಂತ ಹೇಳಿದ್ದೀಯಲ್ಲ?" ಎಂದಳು.