ಮಗಳು ನೆಟ್‌ನಲ್ಲಿ ಓದಿದ ನನ್ನ ರೋಗ

ಮೊದಲು ಗೊತ್ತಾಗಿದ್ದು ನನ್ನ ಬೆರಳಿಗೆ. ಸ್ನಾನ ಮುಗಿಸಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದೆ. ಎಡಗಡೆ, ಹೆಗಲ ಎಲುಬಿನ ಮೇಲೆ, ಏನೋ ಉರುಟಾಗಿ ತಾಗಿತು. ಒತ್ತಿದೆ. ನೋವಿಲ್ಲ. ನೋಯದ ಗಂಟಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕರೆಂಟು ಹೋಗುವುದರೊಳಗೆ ಜೋಳ ಬೀಸಿಸಿಕೊಂಡು ಬರಬೇಕಿತ್ತು. ಗಿರಣಿಗೆ ಹೋದೆ.

ಒಂದೆರಡು ತಿಂಗಳಲ್ಲಿ ಅದು ನಿಂಬೆಹಣ್ಣಿನಷ್ಟಾಯಿತು. ಮೈ ಕಡಿತ ಶುರುವಾಯಿತು. ಸುಮ್ಮನೆ ಕುಳಿತರೂ ಬೆವರು. ಕುಪ್ಪಸ ಸಡಿಲಾಯಿತು. ಸೊರಡಿಯಿಂದ ಬಂದಿದ್ದ ನನ್ನ ತಂಗಿ, "ಅಕ್ಕಾ, ಭಾಳ ಚಲೋ ಕಾಣಾಕತ್ತಿ, ಸಣ್ಣ ಆಗೀದಿ" ಎಂದಳು. ನಾನೂ ಹಿಗ್ಗಿ ಕನ್ನಡಿ ನೋಡಿಕೊಂಡೆ. ಎಂಥ ಹೆಂಗಸು ನಾನು!

ಮಹಾರಾಷ್ಟ್ರಕ್ಕೆ ಸೇರಿದ ಜತ್ತಿನ ಪೇಟೆಯಲ್ಲಿ ನಮ್ಮದು ಹಗ್ಗ, ಬುಟ್ಟಿ, ಸಲಿಕೆ ಮಾರುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮವರು, ಅತ್ತೆ, ನಾನು, ಎಂಟನೆಯ ಇಯತ್ತೆಯಲ್ಲಿ ಓದುವ ಮಗಳು ಅಶ್ವಿನಿ. ಊರಿನ ಡಾಕ್ಟರು ಗುಳಿಗೆ ಕೊಟ್ಟು ನೋಡಿದರು, ಗಂಟು ಜಗ್ಗಲಿಲ್ಲ. ಟಿ.ಬಿ. ಇರಬಹುದು ಎಂದರು. ಅದೂ ಅಲ್ಲ ಎಂದಾದ ಮೇಲೆ ಮಿರಜಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸೂಜಿ ಚುಚ್ಚಿದರು, ಆಮೇಲೆ ಬಯಾಪ್ಸಿ ಎಂದು ಒಂದು ತುಣುಕು ಕತ್ತರಿಸಿ ತೆಗೆದರು.

ರಿಪೋರ್ಟ್ ಬಂದ ದಿನ ಶಾಲೆಗೆ ಸೂಟಿ ಇತ್ತು. ಬುತ್ತಿ, ನೀರಿನ ಬಾಟಲಿ ಹಿಡಿದುಕೊಂಡು ಅಶ್ವಿನಿಯೂ ನಮ್ಮ ಜೊತೆ ಬಂದಿದ್ದಳು. ಡಾಕ್ಟರ್‌ಬಾಯಿ, ಅಂದರೆ ಅಲ್ಲಿನ ಲೇಡಿ ಡಾಕ್ಟರು, ಅಥಣಿ ಕಡೆಯವರು, ನಮ್ಮದೇ ಮಾತು. ಅವರು ಮಾತು ತೆಗೆಯುವ ಮೊದಲೇ ನಮ್ಮವರು ಕೈ ಅಡ್ಡ ಮಾಡಿದರು.

"ಹುಡುಗಿ ಅದಾಳ್ರಿ. ಇಂಗ್ಲಿಷ್‌ನ್ಯಾಗ ಹೇಳ್ರಿ."

ನಮ್ಮ ಕಡೆ ಎಲ್ಲರೂ ಮಾಡುವುದೇ ಹೀಗೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮಕ್ಕಳಿಗೆ ಎರಡೂ ಬರುತ್ತವೆ. ಆದ್ದರಿಂದ ಮಕ್ಕಳಿಂದ ಮುಚ್ಚಿಡಬೇಕಾದದ್ದು ಏನಾದರೂ ಇದ್ದರೆ ಅದಕ್ಕೆ ಇಂಗ್ಲಿಷೇ ಗತಿ. ನಮ್ಮವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗಂತೂ ಇಲ್ಲವೇ ಇಲ್ಲ. ಆದರೂ ಡಾಕ್ಟರ್‌ಬಾಯಿ ಇಂಗ್ಲಿಷಿನಲ್ಲಿ ಹೇಳಿದರು, ನಾವಿಬ್ಬರೂ ತಲೆಯಾಡಿಸಿದೆವು. ಆಮೇಲೆ ಮಗಳನ್ನು ಹೊರಗೆ ಕಳಿಸಿ ಕನ್ನಡದಲ್ಲಿ ಕೇಳಿಕೊಂಡೆವು.

ಹಾಡ್ಜ್‌ಕಿನ್ ಲಿಂಫೋಮಾ. ಒಂದು ನಮೂನೆ ಕ್ಯಾನ್ಸರ್.

"ವಾಸಿ ಆಗೂ ಪೈಕಿ ಐತ್ರಿ ಇದು. ಖರೇ ಹೇಳ್ತೀನಿ, ಹೆದರಬ್ಯಾಡ್ರಿ" ಎಂದರು ಡಾಕ್ಟರ್‌ಬಾಯಿ. ಆ ಶಬ್ದ ಕೇಳಿದ ಮೇಲೆ ಮುಂದಿನದು ಯಾರ ಕಿವಿಗೆ ಹೋಗುತ್ತದೆ? ಮಿರಜಿನಿಂದ ಜತ್ತಿನವರೆಗೆ ಬಸ್ಸಿನಲ್ಲಿ ಅಶ್ವಿನಿ ನನ್ನ ತೋಳಿಗೆ ತಲೆ ಆನಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಪಾಪ, ಏನೂ ತಿಳಿಯದ ಕೂಸು ಎಂದುಕೊಂಡೆ.

ದೊಡ್ಡ ರೋಗದ ಹೆಸರನ್ನು ನಮ್ಮ ಮನೆತನದಲ್ಲಿ ಹೊಸ್ತಿಲೊಳಗೆ ಎತ್ತುವುದಿಲ್ಲ. ಹೆಸರು ಹಿಡಿದರೆ ಕರೆದಂತೆ ಎಂಬ ಭಯ. ಅತ್ತೆಗೆ ವಿಷಯ ಗೊತ್ತಾದ ಕೂಡಲೇ ಅವರೇ ಹೊಸ ಹೆಸರಿಟ್ಟರು. "ಯಾರರೆ ಕೇಳಿದ್ರ ಥೈರಾಯ್ಡ್ ಅಂದಬಿಡು. ಈಗ ಎಲ್ಲಾರಿಗೂ ಇರ್ತೈತಿ." ಅಂದಿನಿಂದ ನನಗೆ ಥೈರಾಯ್ಡ್. ಹದಿನೈದು ದಿನಕ್ಕೊಮ್ಮೆ ಕೀಮೋ ತೆಗೆದುಕೊಳ್ಳಲು ಹೋಗುವುದಕ್ಕೆ "ಸಲೈನ್ ಹಚ್ಚಿಸಾಕ" ಎಂದು ಹೆಸರು. ಕೂದಲು ಉದುರಿದ್ದಕ್ಕೆ ಉಷ್ಣ ಎಂದು ಹೆಸರು. ನೆರೆಯವರು ನಂಬಿದರು. ಎದುರುಮನೆಯವರು ತಮ್ಮ ಥೈರಾಯ್ಡಿನ ಕಥೆಯನ್ನು ತಾಸುಗಟ್ಟಲೆ ಹೇಳಿ ನನ್ನನ್ನು ಸಂತೈಸಿ ಹೋದರು.

ಕೀಮೋದ ಬಗ್ಗೆ ಏನು ಹೇಳಲಿ? ಅದರಲ್ಲಿ ಒಂದು ಔಷಧ ಕೆಂಪಗೆ ಇರುತ್ತದೆ. ನಳಿಗೆಯಲ್ಲಿ ಇಳಿಯುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಬಾಯಿಗೆ ತಗಡಿನ ರುಚಿ. ಒಗ್ಗರಣೆ ವಾಸನೆ ಬಂದರೆ ವಾಂತಿ. ಅತ್ತೆ ಜೋಳದ ಅಂಬಲಿ ಕಾಯಿಸಿ ಆರಿಸಿ ಚಮಚೆಯಿಂದ ಕುಡಿಸುತ್ತಿದ್ದರು. ಜೀವಮಾನದಲ್ಲಿ ನನ್ನ ಅಡಿಗೆಗೆ ಒಂದಾದರೂ ಕೊಂಕು ತೆಗೆಯದೆ ಉಂಡವರಲ್ಲ ಅವರು. ಈಗ ನಾನು ಒಂದು ಲೋಟ ಕುಡಿದರೆ ಅಂಗಡಿಯವರೆಗೆ ಹೋಗಿ ಮಗನಿಗೆ ಹೇಳಿ ಬರುತ್ತಿದ್ದರು.

ಆದರೆ ಗಂಟು ಕರಗಿತು.

ಎರಡನೆಯ ಸಲದ ಹೊತ್ತಿಗೆ ಅರ್ಧವಾಗಿತ್ತು. ನಾಲ್ಕನೆಯ ಸಲಕ್ಕೆ ಬೆರಳು ಹುಡುಕಿದರೂ ಸಿಗಲಿಲ್ಲ. ತಿಂಗಳುಗಟ್ಟಲೆ ನನ್ನೊಳಗೆ ಬೆಳೆದದ್ದು, ಕೈಗೆ ತಾಗುವಷ್ಟು ಗಟ್ಟಿಯಾಗಿದ್ದದ್ದು, ಎಲ್ಲಿಗೆ ಹೋಯಿತು? ಯಾವ ದಾರಿಯಿಂದ ಹೋಯಿತು? ನನ್ನ ದೇಹವನ್ನು ನಾನೇ ಬೆರಗಿನಿಂದ ನೋಡುತ್ತಿದ್ದೆ. ಇದಕ್ಕೆ ಸೀರೆ ಉಡಿಸುವುದು, ರೊಟ್ಟಿ ತಿನ್ನಿಸುವುದು ಬಿಟ್ಟರೆ ಇದರ ಬಗ್ಗೆ ನನಗೇನೂ ಗೊತ್ತಿರಲಿಲ್ಲ.

ಆ ಬೆರಗಿನಲ್ಲೇ ಮುಳುಗಿದ್ದ ನಾನು ಮಗಳನ್ನು ಸರಿಯಾಗಿ ನೋಡಿರಲಿಲ್ಲ.

ಅಶ್ವಿನಿ ನನ್ನ ಹಾಗೆಯೇ ಬಾಯಿಬಡುಕಿ. ಒಂದಕ್ಕೆರಡು ಉತ್ತರ ಕೊಡುವವಳು. ಅವಳು ಸುಮ್ಮನಾಗಿದ್ದಳು. ತಾಟಿನಲ್ಲಿ ಅರ್ಧ ರೊಟ್ಟಿ ಉಳಿಯುತ್ತಿತ್ತು. ಶಾಲೆ ಬಿಟ್ಟ ಮೇಲೆ ಮುಮ್ತಾಜ್ ಆಪಾ ಅವರ ನೆಟ್ ಕೆಫೆಗೆ ಹೋಗುತ್ತಿದ್ದಳು. ಆಪಾ ನಮ್ಮ ಓಣಿಯವರೇ. ಗಂಡನ ಚಪ್ಪಲಿ ಅಂಗಡಿಯ ಪಕ್ಕ ಒಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟಿದ್ದರು. ಊರಿಗೆ ಇಂಟರ್ನೆಟ್ ಬಂದ ಹೊಸದು. ಲೋಡ್ ಶೆಡ್ಡಿಂಗ್ ಮುಗಿದು ಕರೆಂಟು ಬಂದರೆ ಹುಡುಗರೆಲ್ಲ ಅತ್ತ ಓಡುತ್ತಿದ್ದರು. ಕೇಳಿದರೆ ಅಶ್ವಿನಿ, "ಸಾಲಿ ಪ್ರಾಜೆಕ್ಟ್" ಎನ್ನುತ್ತಿದ್ದಳು. ಹೆಂಗಸು ನಡೆಸುವ ಜಾಗ, ಹೋಗಲಿ ಎಂದು ಬಿಟ್ಟಿದ್ದೆವು.

ಚೈತ್ರದ ಬಿಸಿಲು. ತಗಡಿನ ಕೆಳಗೆ ಕುಳಿತರೆ ತಲೆ ಸಿಡಿಯುತ್ತದೆ. ಅಂಥದರಲ್ಲಿ ಹುಡುಗಿ ಓಢಣಿಯನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡು ತಿರುಗುತ್ತಿದ್ದಳು.

"ಏನವಾ ಮಹಾರಾಣಿ, ಚಳಿ ಹತ್ತೈತೇನ?" ಎಂದು ಕಾಡಿಸಿದೆ. ಓಢಣಿ ಹಿಡಿದು ಎಳೆದೆ.

ಅವಳ ಕುತ್ತಿಗೆಯಲ್ಲಿ ಗಂಟು.

ಎರಡೂ ಕಡೆ. ಚರ್ಮ ಕೆಂಪಗೆ, ಕೆಲವು ಕಡೆ ಸುಲಿದಿತ್ತು. ಅಲ್ಲೇ ಹಗ್ಗದ ಸಿಂಬಿಯ ಮೇಲೆ ಕುಸಿದು ಕುಳಿತೆ. ನನಗೆ ಬಂದಾಗ ಇಷ್ಟು ಹೆದರಿರಲಿಲ್ಲ. ನನಗೆ ಬಂದಾಗ ಹೆದರಿದ್ದೆ ಎಂದು ಯಾವಾಗಲಾದರೂ ಹೇಳಿದ್ದರೆ ಅದು ಸುಳ್ಳು. ಹೆದರಿಕೆ ಏನೆಂದು ತಿಳಿದದ್ದು ಆಗಲೇ.

"ಯಾವಾಗಿಂದ ಐತಿ ಇದು? ಯಾಕ ಹೇಳಲಿಲ್ಲ?"

"ನಿನಗ ಆಗೈತಲ್ಲ, ಅದ ನನಗೂ ಬಂದೈತಿ."

"ನನಗೇನ ಆಗೈತಿ? ಥೈರಾಯ್ಡ್."

"ಅವ್ವಾ," ಎಂದಳು ಅವಳು, ದೊಡ್ಡವರು ಸಣ್ಣವರಿಗೆ ಹೇಳುವ ದನಿಯಲ್ಲಿ. "ಥೈರಾಯ್ಡ್ ಅಲ್ಲ ಅದು."

ಆಮೇಲೆ ರೋಗದ ಹೆಸರು ಹೇಳಿದಳು. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ. ನಮ್ಮ ಮನೆಯೊಳಗೆ ಆ ಹೆಸರನ್ನು ಮೊದಲು ಹಿಡಿದವಳು ಅವಳೇ. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಂಗಡಿಯಲ್ಲಿ ಗಿರಾಕಿಯನ್ನು ಬಿಟ್ಟು ನಮ್ಮವರೂ ಬಂದರು. ಅಶ್ವಿನಿ ಎಲ್ಲ ಹೇಳಿದಳು. ಅಂದು ಮಿರಜಿನಲ್ಲಿ ಕೇಳಿದ ಶಬ್ದವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳಂತೆ, ಮರೆಯಬಾರದೆಂದು. ಮರುದಿನ ಆಪಾ ಅವರ ಕಂಪ್ಯೂಟರಿನಲ್ಲಿ ತನಗೆ ಕೇಳಿಸಿದ ಹಾಗೆ ಬಡಿದಿದ್ದಾಳೆ. ತಪ್ಪಾಗಿತ್ತು. ಕಂಪ್ಯೂಟರೇ ತಿದ್ದಿಕೊಂಡು, ಇದೇನು ನೀನು ಕೇಳುವುದು ಎಂದು ತೋರಿಸಿತಂತೆ. ಆಮೇಲೆ ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು ದಿನಾ ಓದಿದ್ದಾಳೆ. ಎಷ್ಟು ಮಂದಿ ಬದುಕುತ್ತಾರೆ, ಎಷ್ಟು ಮಂದಿ ಇಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಬಹುದು ಎಂದು ಎಲ್ಲೋ ಒಂದು ಕಡೆ ಇತ್ತು. ಅದನ್ನು ಓದಿದ ದಿನವೇ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡಿದ್ದಾಳೆ. ಸಣ್ಣ ಸಣ್ಣ ಕಾಳು ಸಿಕ್ಕಿವೆ.

"ಯಾಕ ಹೇಳಲಿಲ್ಲ?" ಎಂದು ನಮ್ಮವರು ಮತ್ತೆ ಕೇಳಿದರು.

"ನೀವೂ ಹೇಳಲಿಲ್ಲಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಸೀದಾ ಆಪಾ ಅವರ ಕಡೆ ಹೋದೆ, ಜಗಳಕ್ಕೆ. ಸಿಟ್ಟು ಎಲ್ಲಿಯಾದರೂ ಇಳಿಸಬೇಕಲ್ಲ.

"ನಮ್ಮ ಹುಡುಗಿಗೆ ಏನೇನ ತೋರಸಾಕತ್ತೀರಿ ನೀವು?"

ಆಪಾ ಗಾಬರಿಯಾದರು. "ಕುಂದ್ರಿ ಮೊದಲ. ನಾ ಏನ ತೋರಸ್ಲಿರಿ? ಬ್ಯಾರೆ ಹುಡುಗ್ರು ಗೇಮ್ ಆಡ್ತಾರ, ನಿಮ್ಮ ಅಶ್ವಿನಿ ಬರೇ ಓದ್ತಿದ್ಲು. ಓದಿ ಅಳ್ತಿದ್ಲು. ಮನ್ಯಾಗ ಎಲ್ಲಾರಿಗೂ ಗೊತ್ತೈತಿ, ಮಾತಾಡಿರ್ತಾರ ಅನ್ಕೊಂಡೆ. ಚಾ ಕುಡಿಸಿ ಕಳಿಸ್ತಿದ್ದೆ."

ಅವಳು ಓದುತ್ತಿದ್ದ ಪುಟವನ್ನು ಆಪಾ ತೆರೆದು ತೋರಿಸಿದರು. ಅಕ್ಷರವೆಲ್ಲ ಇರುವೆ ಸಾಲು, ನನಗೆ ಒಂದೂ ತಿಳಿಯದು. ಪಕ್ಕದಲ್ಲಿ ಒಂದು ಚಿತ್ರ, ಯಾವ ದೇಶದ ಹೆಂಗಸೋ. ಅವಳ ಕುತ್ತಿಗೆಯ ಎಡಕ್ಕೆ, ಹೆಗಲ ಎಲುಬಿನ ಮೇಲೆ, ಬಾಣದ ಗುರುತು. ನನ್ನ ಗಂಟು ಇದ್ದದ್ದು ಸರಿಯಾಗಿ ಅಲ್ಲಿಯೇ. ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು. ನನ್ನನ್ನು ಎಂದೂ ನೋಡದವರು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಕುಳಿತು ನನ್ನ ರೋಗವನ್ನು ಬರೆದಿಟ್ಟಿದ್ದಾರೆ, ಜತ್ತಿನ ಒಂದು ಓಣಿಯಲ್ಲಿ ನನ್ನ ಮಗಳು ಅದನ್ನು ತೆರೆದು ಓದಿದ್ದಾಳೆ. ಜಗಳ ಮರೆತೇ ಹೋಯಿತು. ಚಹಾ ಕುಡಿದು ಬಂದೆ.

ಮರುದಿನ ಮೊದಲ ಬಸ್ಸಿಗೆ ಮಿರಜಿಗೆ ಹೋದೆವು. ಡಾಕ್ಟರ್‌ಬಾಯಿ ಅಶ್ವಿನಿಯ ಕುತ್ತಿಗೆಯನ್ನು ಎರಡೂ ಕೈಯಿಂದ ನಿಧಾನ ಮುಟ್ಟಿ ನೋಡಿದರು. ಕಂಕುಳು ನೋಡಿದರು. ಬ್ಲಡ್ ಟೆಸ್ಟ್ ಬರೆದರು, ಎಕ್ಸ್‌ರೇ ಬರೆದರು. ಅವು ಕೈಗೆ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ನನಗೆ ನೆನಪಿದ್ದ ದೇವರನ್ನೆಲ್ಲ ಕರೆದೆ. ನನ್ನದನ್ನು ಬೇಕಾದರೆ ಮರಳಿ ಕೊಡು, ಇವಳದನ್ನು ತೆಗೆ ಎಂದು ಬೇಡಿಕೊಂಡೆ.

ಒಳಗೆ ಕರೆದರು. ಡಾಕ್ಟರ್‌ಬಾಯಿ ನಮ್ಮತ್ತ ನೋಡಲಿಲ್ಲ, ಅವಳನ್ನೇ ಕೇಳಿದರು. "ದಿನಾ ಎಷ್ಟ ಸಲ ಹಿಚಕಿ ನೋಡ್ಕೋತಿ?"

"ಪ್ರತಿ ತಾಸಿಗೂ. ಬೆಲ್ ಆದಾಗ."

"ಇನ್ನ ಮ್ಯಾಲ ಮುಟ್ಟಬ್ಯಾಡ. ಈ ವಯಸ್ಸಿನ ಎಲ್ಲಾ ಮಕ್ಕಳ ಕುತ್ತಿಗ್ಯಾಗೂ ಸಣ್ಣ ಗಂಟ ಇರ್ತಾವ. ನೀ ಹಿಚಕಿ ಹಿಚಕಿ ಬಾವು ಬರಿಸಿಕೊಂಡಿ. ಅವ್ವಂದು ನಿನಗ ಬಂದಿಲ್ಲ. ಮೂರ ವಾರ ಬಿಟ್ಟ ಬಾ, ಮತ್ತ ನೋಡೂಣು."

ನಮ್ಮವರು ಮುಖಕ್ಕೆ ಕರ್ಚೀಫ್ ಒತ್ತಿಕೊಂಡು ಹೊರಗೆ ಹೋದರು. ಅವರು ಅತ್ತದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅದೊಂದೇ ಸಲ.

"ಏನೇನ ಓದೀದಿ, ಹೇಳ ನೋಡೂಣು" ಎಂದರು ಬಾಯಿ. ಅವಳು ಹೇಳುತ್ತಾ ಹೋದಳು. ಸ್ಟೇಜ್ ಎಂದರೇನು, ನನ್ನದು ಯಾವುದು, ಕೆಂಪು ಔಷಧದ ಹೆಸರೇನು, ಅದು ಹೃದಯಕ್ಕೆ ಏನು ಮಾಡುತ್ತದೆ. ಬಾಯಿ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನನಗೆ ಎದೆ ತುಂಬಿ ಬಂತು. ನಾನು ಹೆತ್ತ ಹುಡುಗಿಯೇ ಇವಳು? ಇಷ್ಟನ್ನೆಲ್ಲ ಹೊತ್ತುಕೊಂಡು ನನ್ನ ಮುಂದೆ ಕುಳಿತು ನನ್ನ ತಲೆಗೆ ಬಟ್ಟೆ ಕಟ್ಟಿಕೊಡುತ್ತಿದ್ದಳೇ?

"ಚಲೋ ಓದೀದಿ. ಆದರ ಸಾಯೂ ಲೆಕ್ಕ ನೀ ಓದಿದ್ದು ಹಳೀದು. ಬರದವ್ರು ಯಾರು, ಯಾವಾಗ ಬರದಾರ ಅಂತ ನೋಡಬೇಕು. ಹೊಸಾದ ಆದ್ರೂ ಅದು ಮಂದಿ ಎಲ್ಲಾರ ಲೆಕ್ಕ, ನಿಮ್ಮವ್ವ ಒಬ್ಬಾಕೀದಲ್ಲ."

ಹೊರಡುವಾಗ ನಾನು ಮೆಲ್ಲಗೆ ಕೇಳಿದೆ, ನೆಟ್ ಬಿಡಿಸಿಬಿಡಲೇ ಎಂದು. ಬಾಯಿ ನಕ್ಕರು. "ಓದ್ಲಿ ಬಿಡ್ರಿ. ಒಬ್ಬಾಕಿನ ಕುಂತು ಓದೂದು ಬ್ಯಾಡ."

ಹಾಗಾಗಿ ನಾನೂ ಜೊತೆಗೆ ಹೋಗತೊಡಗಿದೆ. ತಲೆಗೆ ಸೆರಗು ಹೊದ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳ ಪಕ್ಕ. ಅವಳು ಓದಿ ನನಗೆ ಕನ್ನಡದಲ್ಲಿ ಹೇಳುತ್ತಾಳೆ. ನನ್ನದೇ ರೋಗದವಳೊಬ್ಬಳು ಯಾವುದೋ ದೂರದ ಊರಿನಿಂದ ಬರೆದಿದ್ದಳು, ಅವಳಿಗೂ ಬಾಯಿಗೆ ತಗಡಿನ ರುಚಿ ಬರುತ್ತದಂತೆ. ಕೇಳಿ ನನಗೆ ಯಾಕೋ ಭಾರೀ ಸಮಾಧಾನವಾಯಿತು. ರೋಗ ಬಿಟ್ಟು ಬೇರೆಯದನ್ನೂ ನೋಡುತ್ತೇವೆ. ಹಿಮ ನೋಡಿದೆ. ತಿಮಿಂಗಿಲ ನೋಡಿದೆ. ಇಷ್ಟು ದೊಡ್ಡ ಜಗತ್ತು ಆಪಾ ಅವರ ಆ ಸಣ್ಣ ಪೆಟ್ಟಿಗೆಯೊಳಗೆ ಹೇಗೆ ಬರುತ್ತದೋ, ಇನ್ನೂ ನನಗೆ ತಿಳಿದಿಲ್ಲ.

ಮೂರು ವಾರದಲ್ಲಿ ಅವಳ ಬಾವು ಇಳಿಯಿತು. ಕೈ ಮಾತ್ರ ಕೆಲವು ದಿನ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಆಗ ಅತ್ತೆ ಏನೂ ಅನ್ನದೆ ಅವಳ ಕೈಗೆ ಬಿಡಿಸಲು ಸೊಪ್ಪು ಕೊಡುತ್ತಿದ್ದರು. ಥೈರಾಯ್ಡ್ ಎನ್ನುವುದನ್ನೂ ಅವರು ಬಿಟ್ಟರು. ಎದುರುಮನೆಯವರಿಗೆ ರೋಗದ ಖರೇ ಹೆಸರು ಹೇಳಿದ್ದು ಅವರೇ. ಉಚ್ಚಾರ ಸರಿಯಾಗದೆ ಮೊಮ್ಮಗಳಿಂದ ಹೇಳಿಸಿದರಂತೆ.

ನನ್ನ ಕೊನೆಯ ಕೀಮೋ ಮಳೆಗಾಲದ ಕೊನೆಗೆ ಮುಗಿಯಿತು. ಸ್ಕ್ಯಾನ್‌ನಲ್ಲಿ ಏನೂ ಉಳಿದಿಲ್ಲ ಎಂದರು. ಏನೂ ಉಳಿದಿಲ್ಲ ಎಂದರೆ ಹೋಯಿತು ಎಂದಲ್ಲ, ಕೆಲವು ವರ್ಷ ಬಂದು ತೋರಿಸಿ ಹೋಗಬೇಕು ಎಂದೂ ಹೇಳಿದರು. ತಲೆಯಲ್ಲಿ ಕೂದಲು ಬರುತ್ತಿದೆ, ಮೊದಲಿಲ್ಲದ ಗುಂಗುರು.

ಸ್ಕ್ಯಾನ್ ತೋರಿಸಿ ಬಂದ ಮರುದಿನ ಸಂಜೆ ಆಪಾ ಅವರ ಕೋಣೆಯಲ್ಲಿ ಕುಳಿತಿದ್ದೆವು. ಅಶ್ವಿನಿ ಏನೋ ಬಡಿಯಲು ಹೋಗಿ ಕೈ ಹಿಂದಕ್ಕೆ ತೆಗೆದಳು. ನನ್ನತ್ತ ತಿರುಗಿದಳು.

"ಅವ್ವಾ, ನೀ ಸಾಯ್ತೀಯೇನ?"

ಅಷ್ಟು ತಿಂಗಳು ಆ ಪೆಟ್ಟಿಗೆಯನ್ನು ಅವಳು ಕೇಳಿದ್ದು ಅದೊಂದನ್ನೇ ಎಂದು ನನಗೆ ಆಗ ಹೊಳೆಯಿತು. ಏನೇನೋ ಬಾಯಿಗೆ ಬಂತು. ಹುಚ್ಚಿ, ಹಂಗೆಲ್ಲ ಮಾತಾಡಬಾರದು ಎನ್ನುವುದು ತುಟಿಯವರೆಗೆ ಬಂತು. ನುಂಗಿಕೊಂಡೆ.

"ಒಂದಲ್ಲ ಒಂದ ದಿನ ಸಾಯಬೇಕಲ್ಲ. ಇದರಿಂದ ಈಗಂತೂ ಇಲ್ಲ ಅಂತಾರ. ಮುಂದಿಂದು ನನಗೂ ಗೊತ್ತಿಲ್ಲವ್ವಾ."

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಗೊತ್ತಾದ್ರ ಮೊದಲ ನನಗ ಹೇಳ್ತಿ?"

"ಮೊದಲ ನಿನಗ."

ಅವಳು ಕಂಪ್ಯೂಟರ್ ಬಂದ್ ಮಾಡಿದಳು. "ಹಸಿವಾಗೈತಿ, ಮನೀಗೆ ಹೋಗೂಣು ನಡಿ" ಎಂದಳು.